ಸ್ವಿಚ್ಚನ್ನು ಮಾತಾಡಿಸುವುದು

ಸರ್ವರ್ ರೂಮಿನ ಮೂಲೆಯಲ್ಲಿ ಹಸಿರು ದೀಪ ಮಿಟುಕಿಸುತ್ತ ಕೂತ ಸ್ವಿಚ್ಚನ್ನು ನೋಡಿದರೆ ಅದಕ್ಕೆ ಮಾತು ಬರುತ್ತದೆ ಅನ್ನಿಸುವುದಿಲ್ಲ. ಆದರೆ ಏಳನೇ ಪೋರ್ಟಿಗೆ ಕೇಬಲ್ ಸಿಕ್ಕಿಸಿದೆಯೇ, ಅದರೊಳಗೆ ಈವರೆಗೆ ಎಷ್ಟು ಬೈಟ್ ಬಂದಿದೆ, ಸ್ವಿಚ್ ಆನ್ ಆಗಿ ಎಷ್ಟು ಹೊತ್ತಾಯಿತು, ಎಲ್ಲವೂ ಅದಕ್ಕೆ ಗೊತ್ತು. ತಾನಾಗಿ ಹೇಳುವುದು ಅಪರೂಪ, ಅಷ್ಟೇ. ಟರ್ಮಿನಲ್ ತೆರೆದು ಒಂದು ಸಾಲಿನ ಕಮಾಂಡ್ ಕೊಟ್ಟರೆ ಉತ್ತರ ಬರುತ್ತದೆ.

ಈ ಮಾತುಕತೆಯ ನಿಯಮಗಳಿಗೆ ಎಸ್‌ಎನ್‌ಎಂಪಿ ಎಂದು ಹೆಸರು: ಸಿಂಪಲ್ ನೆಟ್‌ವರ್ಕ್ ಮ್ಯಾನೇಜ್‌ಮೆಂಟ್ ಪ್ರೋಟೊಕಾಲ್. 1988ರಲ್ಲಿ ಜೆಫ್ರಿ ಕೇಸ್ ಮತ್ತು ಮೂವರು ಸಂಗಡಿಗರು ಇದನ್ನು ಬರೆದಾಗ, ಮುಂದೆ ಇನ್ನೂ ಘನವಾದ ವ್ಯವಸ್ಥೆಯೊಂದು ಬರುವವರೆಗೆ ಇದಿರಲಿ ಎಂಬುದು ಹಿರಿಯರ ಲೆಕ್ಕವಾಗಿತ್ತು. ತಾತ್ಕಾಲಿಕವೆಂದು ಹಾಕಿದ ಶೆಡ್ಡು ಕಾಯಂ ಆಗುವುದು ನಮಗೇನೂ ಹೊಸದಲ್ಲ.

ಕೇಳುವ ಪ್ರತಿ ಸಂಗತಿಗೂ ಅಂಕಿಗಳ ಒಂದು ವಿಳಾಸವಿದೆ. ಆನ್ ಆಗಿ ಎಷ್ಟು ಹೊತ್ತಾಯಿತು ಎಂಬುದರ ವಿಳಾಸ 1.3.6.1.2.1.1.3.0. ಅರ್ಜಿಯ ಮೇಲಿನ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮದ ಹಾಗೆ ಇದನ್ನು ಎಡದಿಂದ ಓದಬೇಕು. ಮೊದಲ 1 ಅಂತರರಾಷ್ಟ್ರೀಯ ಮಾನಕ ಸಂಸ್ಥೆ ಐಎಸ್‌ಒ. 6 ಅಮೆರಿಕದ ರಕ್ಷಣಾ ಇಲಾಖೆ. ಅದರ ಪಕ್ಕದ 1 ಇಂಟರ್‌ನೆಟ್. ಇಂಟರ್‌ನೆಟ್ಟು ಯಾರ ಮನೆಯಲ್ಲಿ ಹುಟ್ಟಿತೆಂಬುದು ವಿಳಾಸದಲ್ಲೇ ಉಳಿದುಬಿಟ್ಟಿದೆ.

ವಿಳಾಸ ಗೊತ್ತಿದ್ದರೆ 'ಎಸ್‌ಎನ್‌ಎಂಪಿಗೆಟ್' ಸಾಕು. ಗೊತ್ತಿಲ್ಲದಿದ್ದರೆ 'ಎಸ್‌ಎನ್‌ಎಂಪಿವಾಕ್'. ನನ್ನ ಮಟ್ಟಿಗೆ ಈ ಪ್ರೋಟೊಕಾಲಿನ ನಿಜವಾದ ಜಾಣತನ ಇರುವುದು ಇಲ್ಲೇ. ಅಪರಿಚಿತ ಬೀದಿಗೆ ಹೋದವರು ಮೊದಲ ಮನೆಯಲ್ಲಿ ಪಕ್ಕದ ಮನೆ ಯಾರದೆಂದು ಕೇಳಿ, ಅಲ್ಲಿ ಹೋಗಿ ಅದರಾಚೆಯದು ಯಾರದೆಂದು ಕೇಳುತ್ತ ಬೀದಿ ಮುಗಿಸುವ ಹಾಗೆ, ಈ ಕಮಾಂಡ್ ಪ್ರತಿ ಉತ್ತರದ ವಿಳಾಸವನ್ನೇ ಹಿಡಿದು 'ಇದರ ನಂತರದ್ದು?' ಎನ್ನುತ್ತ ಸಾಗುತ್ತದೆ. ಇಡೀ ಪಟ್ಟಿಯನ್ನು ಕಟ್ಟಿಕೊಡುವ ಹೊರೆ ಸ್ವಿಚ್ಚಿನ ಪುಟ್ಟ ಪ್ರೊಸೆಸರಿಗೆ ಬರುವುದಿಲ್ಲ.

ಆಫೀಸಿನ ಪ್ರಿಂಟರನ್ನೂ ಹೀಗೆ ಮಾತಾಡಿಸಬಹುದು. ಟೋನರ್ ಎಷ್ಟಿದೆ ಎಂದರೆ ಕೆಲವು ಪ್ರಿಂಟರುಗಳು ಮೈನಸ್ 3 ಎನ್ನುತ್ತವೆ. ಕೆಟ್ಟಿದೆ ಅಂದುಕೊಳ್ಳಬೇಡಿ. 'ಇನ್ನೂ ಇದೆ, ಎಷ್ಟೆಂದು ಹೇಳಲಾರೆ' ಎನ್ನುವುದಕ್ಕೆ ನಿಯಮದಲ್ಲೇ ಗೊತ್ತುಮಾಡಿದ ಸಂಖ್ಯೆ ಅದು. ಕಾಫಿಪುಡಿ ಡಬ್ಬವನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಹೇಳುವ ಉತ್ತರ.

ಬೈಟುಗಳ ಲೆಕ್ಕದಲ್ಲಿ ನಾನೇ ಒಮ್ಮೆ ಏಮಾರಿದ್ದೇನೆ. ಈ ಕೌಂಟರು ಮನೆಯ ಕರೆಂಟ್ ಮೀಟರಿನಂತೆ: ಈ ತಿಂಗಳು ಎಷ್ಟು ಎನ್ನುವುದಿಲ್ಲ, ಒಟ್ಟು ಮಾತ್ರ ತೋರಿಸುತ್ತದೆ. ಹಿಂದಿನ ರೀಡಿಂಗ್ ಕಳೆದು ನೋಡುವುದು ನಮ್ಮ ಕೆಲಸ. ನಾನು ಐದು ನಿಮಿಷಕ್ಕೊಮ್ಮೆ ರೀಡಿಂಗ್ ತೆಗೆದು ಗ್ರಾಫ್ ಹಾಕುತ್ತಿದ್ದೆ. ರಾತ್ರಿ ಬ್ಯಾಕಪ್ ಓಡುವಾಗ ಎಲ್ಲರೂ ನೆಟ್‌ವರ್ಕ್ ನಿಧಾನ ಅನ್ನುತ್ತಿದ್ದರು. ಗ್ರಾಫ್ ಮಾತ್ರ ಲೈನ್ ಹೆಚ್ಚುಕಡಿಮೆ ಖಾಲಿ ಅನ್ನುತ್ತಿತ್ತು. ಎರಡು ದಿನ ಕೇಬಲ್ ಬದಲಿಸಿದ್ದೇ ಬಂತು. ತಪ್ಪಿದ್ದದ್ದು ನಾನು ಆರಿಸಿಕೊಂಡಿದ್ದ 32 ಬಿಟ್ಟಿನ ಕೌಂಟರಿನಲ್ಲಿ. ಅದು 429 ಕೋಟಿ ಚಿಲ್ಲರೆ ದಾಟಿದರೆ ಹಳೆಯ ಸ್ಕೂಟರಿನ ಮೀಟರಿನಂತೆ ಸೊನ್ನೆಗೆ ಮರಳುತ್ತದೆ. ಸೆಕೆಂಡಿಗೆ ಒಂದು ಗಿಗಾಬಿಟ್ ತುಂಬಿ ಹರಿದರೆ ಅದಕ್ಕೆ ಸುಮಾರು 34 ಸೆಕೆಂಡು ಸಾಕು. ಐದು ನಿಮಿಷದಲ್ಲಿ ಕೌಂಟರು ಎಂಟು ಸುತ್ತು ಹಾಕಿ ಬಂದಿರುತ್ತಿತ್ತು, ನಾನು ಕಳೆದು ನೋಡುತ್ತಿದ್ದದ್ದು ಮಿಕ್ಕ ತುಣುಕನ್ನು. 64 ಬಿಟ್ಟಿನ ಕೌಂಟರು ಬೇರೆ ವಿಳಾಸದಲ್ಲಿದೆ. ಅದನ್ನು ಕೇಳಲು ಪ್ರೋಟೊಕಾಲಿನ ಎರಡನೇ ಆವೃತ್ತಿಯಾದರೂ ಬೇಕು.

ಓದುವುದಷ್ಟೇ ಅಲ್ಲ, ಬರೆಯುವುದಕ್ಕೂ ಇಲ್ಲಿ ಅವಕಾಶವಿದೆ. 1990ರ ಇಂಟರಾಪ್ ಪ್ರದರ್ಶನದಲ್ಲಿ ಜಾನ್ ರೋಮ್ಕಿ ಬ್ರೆಡ್ ಟೋಸ್ಟರೊಂದನ್ನು ಇಂಟರ್‌ನೆಟ್ಟಿಗೆ ಸೇರಿಸಿ ಎಸ್‌ಎನ್‌ಎಂಪಿಯಿಂದಲೇ ಆನ್ ಮಾಡಿ ತೋರಿಸಿದ್ದರು. ಬ್ರೆಡ್ಡನ್ನು ಮಾತ್ರ ಕೈಯಲ್ಲೇ ಇಡಬೇಕಿತ್ತು. ಟೋಸ್ಟರಿನಲ್ಲಿ ಇದು ತಮಾಷೆ, ರೌಟರಿನಲ್ಲಿ ಅಲ್ಲ. ಮೊದಲ ಆವೃತ್ತಿಗಳಲ್ಲಿ ಗುಪ್ತಪದ ಎನ್ನುವುದು ತಂತಿಯ ಮೇಲೆ ಬಿಚ್ಚುಮುಖದಲ್ಲೇ ಹೋಗುತ್ತದೆ. ಎಷ್ಟೋ ಸಾಧನಗಳಲ್ಲಿ ಓದಲು 'ಪಬ್ಲಿಕ್', ಬರೆಯಲು 'ಪ್ರೈವೇಟ್' ಎಂದೇ ಇಟ್ಟು ಕಳಿಸುತ್ತಿದ್ದರು, ಕೊಂಡವರು ಹಾಗೇ ಬಿಡುತ್ತಿದ್ದರು. ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಅದಕ್ಕೇ ನೇತುಹಾಕಿದ ಹಾಗೆ. ಗುರುತು ಪರೀಕ್ಷಿಸಿ, ಮಾತನ್ನು ಗೂಢಲಿಪಿಯಲ್ಲಿ ಕಳಿಸುವ ಮೂರನೇ ಆವೃತ್ತಿ ಪೂರ್ಣ ಮಾನಕವಾದದ್ದು 2002ರಲ್ಲಿ. ಹೊಂದಿಸುವುದು ತುಸು ಕಿರಿಕಿರಿ, ಆದರೂ ಅದನ್ನೇ ಬಳಸಬೇಕು.

ಆನ್ ಆಗಿ ಎಷ್ಟು ಹೊತ್ತಾಯಿತು ಎಂಬ ಉತ್ತರದಲ್ಲೂ ಇದೇ ಸುತ್ತಿನ ಕಥೆ. ಅದೂ 32 ಬಿಟ್ಟಿನದು, ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಎಣಿಸುತ್ತದೆ. 497 ದಿನಕ್ಕೆ ತುಂಬಿಬಿಡುತ್ತದೆ. ಮೂರನೇ ಮಹಡಿಯ ಸ್ವಿಚ್ಚೊಂದು ಮೊನ್ನೆ, ತಾನು ಎದ್ದು ಮೂರೇ ದಿನವಾಯಿತು ಎಂದಿತು. ಕರೆಂಟ್ ಹೋಗಿತ್ತೇನೋ ಎಂದು ಯುಪಿಎಸ್ ನೋಡಲು ಓಡಿದೆ. ಅದರ ಮೇಲೆ ಒಂದೂವರೆ ವರ್ಷದ ದೂಳು ಕದಲದೆ ಕೂತಿತ್ತು.