ನಿಮ್ಮ ಹೀಟರಿನ ವಯಸ್ಸೆಷ್ಟು?



ಚಳಿಗಾಲ ಮತ್ತೆ ಬಾಗಿಲಲ್ಲಿ ನಿಂತಿದೆ. ಮೈಸೂರು, ಹಾಸನ, ಹುಬ್ಬಳ್ಳಿ ಕಡೆಯಿಂದ ಬಂದ ನಮಗೆ ಚಳಿ ಎಂದರೆ ಒಂದು ಸ್ವೆಟರು, ಒಂದು ಕಂಬಳಿ, ಹಂಡೆ ತುಂಬ ಬಿಸಿನೀರು, ಅಷ್ಟೆ. ಇಲ್ಲಿ ಹಾಗಲ್ಲ. ಕೋಣೆಗೊಂದು ಏಸಿ, ಅದು ಸಾಲದಿದ್ದರೆ ಸೀಮೆಎಣ್ಣೆಯ ಸ್ಟೋವು ಅಥವಾ ಫ್ಯಾನ್ ಹೀಟರು ಬೇಕೇ ಬೇಕು. ನಮ್ಮವರಲ್ಲಿ ಬಹಳ ಜನ ಇವನ್ನು ಅಂಗಡಿಯಿಂದ ಕೊಳ್ಳುವುದಿಲ್ಲ. ಊರಿಗೆ ಹಿಂತಿರುಗುವವರ 'ಸಯೋನಾರ ಸೇಲ್'ನಲ್ಲಿ ರೈಸ್ ಕುಕ್ಕರಿನ ಜೊತೆ ಹೀಟರೂ ಬರುತ್ತದೆ. ನಮ್ಮ ಮನೆಗೂ ಒಂದು ಹಾಗೇ ಬಂದಿದೆ. ಉಳಿತಾಯದ ದೃಷ್ಟಿಯಿಂದ ಒಳ್ಳೆಯದೇ. ಆದರೆ ಉರಿಯುವ ಯಂತ್ರ ಕೈ ಬದಲಾಯಿಸಿದಾಗ ಅದರ ವಯಸ್ಸೂ ಪೂರ್ವಾಪರವೂ ಹಿಂದೆಯೇ ಉಳಿದುಬಿಡುತ್ತವೆ. ಅದರಿಂದ ಏನಾಗಬಹುದು ಎಂದು ತಿಳಿಯಲು ಜಪಾನಿನ ಎರಡು ಪ್ರಕರಣಗಳನ್ನು ನೋಡಬೇಕು.

ಮೊದಲನೆಯದು ಮತ್ಸುಶಿತಾ ಕಂಪನಿಯದು. ನಮ್ಮ ತಂದೆಯವರ ಕಾಲದ ನ್ಯಾಷನಲ್ ಟೇಪ್‌ರೆಕಾರ್ಡರ್ ನೆನಪಿದೆಯಲ್ಲ, ಅದೇ ಕಂಪನಿ. 2008ರಲ್ಲಿ ಪ್ಯಾನಾಸಾನಿಕ್ ಎಂದು ಹೆಸರು ಬದಲಾಯಿಸಿಕೊಂಡಿತು. ಅವರು 1985ರಿಂದ 1992ರವರೆಗೆ 'ಎಫ್‌ಎಫ್' ಮಾದರಿಯ ಸೀಮೆಎಣ್ಣೆ ಹೀಟರುಗಳನ್ನು ತಯಾರಿಸಿದ್ದರು. ಹೊರಗಿನ ಗಾಳಿಯನ್ನೇ ಎಳೆದುಕೊಂಡು ಉರಿದು, ಹೊಗೆಯನ್ನು ಕೊಳವೆಯಲ್ಲಿ ಹೊರಗೇ ಬಿಡುವ ಯಂತ್ರ ಅದು. ಹಾಗಾಗಿ ಕೋಣೆಯ ಗಾಳಿ ಕೆಡುವುದಿಲ್ಲ ಎಂದೇ ಎಲ್ಲರ ನಂಬಿಕೆ. ಆದರೆ ಒಳಗೆ ಗಾಳಿ ಒಯ್ಯುವ ಒಂದು ರಬ್ಬರ್ ಹೋಸು ವರ್ಷಗಳು ಕಳೆದಂತೆ ಬಿರುಕು ಬಿಟ್ಟಿತು. ಗಾಳಿ ಸಾಲದೆ ಎಣ್ಣೆ ಅರೆಬರೆ ಉರಿಯಿತು, ವಿಷಾನಿಲ ಬಿರುಕಿನಿಂದ ಕೋಣೆಗೇ ಸೋರಿತು. 2005ರಲ್ಲಿ ಸಾವುಗಳೂ ಸಂಭವಿಸಿದವು. ಆ ವರ್ಷ ಏಪ್ರಿಲಿನಲ್ಲಿ ಕಂಪನಿ ರಿಕಾಲ್ ಪ್ರಕಟಿಸಿತು. ಆದರೂ ಸಾವು ನಿಲ್ಲದೆ, ನವೆಂಬರಿನಲ್ಲಿ ಸರ್ಕಾರವೇ ತುರ್ತು ಆದೇಶ ಹೊರಡಿಸಬೇಕಾಯಿತು.

ಕಂಪನಿಗೆ ದೊಡ್ಡ ಕಷ್ಟವಾದದ್ದು ರಿಪೇರಿಯಲ್ಲ, ಹುಡುಕಾಟ. ಹದಿನೈದಿಪ್ಪತ್ತು ವರ್ಷಗಳ ಹಿಂದೆ ಮಾರಿದ ಹೀಟರು ಈಗ ಯಾರ ಮನೆಯಲ್ಲಿದೆ? ಕೊಂಡವರು ಮನೆ ಬದಲಾಯಿಸಿದ್ದರು, ಯಾರಿಗೋ ಕೊಟ್ಟಿದ್ದರು. ಕೊನೆಗೆ ಕಂಪನಿ ತನ್ನ ಟೀವಿ ಜಾಹೀರಾತುಗಳನ್ನು ತೆಗೆದು ಎಚ್ಚರಿಕೆ ಪ್ರಸಾರ ಮಾಡಿತು. 2006ರಲ್ಲಿ ದೇಶದ ಎಲ್ಲ ಮನೆಗಳಿಗೂ, ಅಂದರೆ ಸುಮಾರು 6 ಕೋಟಿ ಪೋಸ್ಟ್‌ಕಾರ್ಡ್ ಕಳಿಸಿತು. ಆಮೇಲೂ ವರ್ಷಗಟ್ಟಲೆ ಹುಡುಕಾಟ ನಡೆದೇ ಇತ್ತು.

ಎರಡನೆಯದು ಪಲೋಮಾ ಕಂಪನಿಯ ಗ್ಯಾಸ್ ವಾಟರ್ ಹೀಟರುಗಳದು, 2006ರ ಜುಲೈನಲ್ಲಿ ಬೆಳಕಿಗೆ ಬಂತು. ಹೊಗೆ ತಳ್ಳುವ ಫ್ಯಾನ್ ತಿರುಗದಿದ್ದರೆ ಗ್ಯಾಸ್ ತಾನಾಗಿ ನಿಲ್ಲಬೇಕು ಎಂಬ ಏರ್ಪಾಡು ಅದರಲ್ಲಿತ್ತು. ರಿಪೇರಿಗೆ ಬಂದವರು ಎಷ್ಟೋ ಕಡೆ ಅದನ್ನೇ ವೈರಿನಿಂದ ಬೈಪಾಸ್ ಮಾಡಿದ್ದರು. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳುವುದಾದರೆ, ಎರರ್ ಬರುತ್ತಿದೆ ಎಂದು ಎರರ್ ಚೆಕ್ಕನ್ನೇ ಕಾಮೆಂಟ್ ಮಾಡಿದ ಹಾಗೆ! ಬಿಸಿನೀರು ಬಂತು, ಫ್ಯಾನ್ ತಿರುಗಲಿಲ್ಲ. ಇಪ್ಪತ್ತು ವರ್ಷಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಆ ಮನೆಗಳಲ್ಲಿದ್ದವರಿಗೆ ಬೈಪಾಸಿನ ವಿಷಯ ತಿಳಿಯುವ ದಾರಿಯೇ ಇರಲಿಲ್ಲ.

ಎರಡರಲ್ಲೂ ಕೊಂದದ್ದು ಕಾರ್ಬನ್ ಮಾನಾಕ್ಸೈಡ್. ಜಪಾನಿ ಭಾಷೆಯಲ್ಲಿ 'ಇಸ್ಸಾಂಕಾ ತಾನ್ಸೊ'. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಇದನ್ನು ಹಿಡಿದುಕೊಳ್ಳುತ್ತದೆ. ತಲೆನೋವು, ವಾಕರಿಕೆ, ತಲೆಸುತ್ತು. ಥೇಟ್ ನೆಗಡಿಜ್ವರ ಶುರುವಾದ ಹಾಗೆ. ಬೆಂಗಳೂರಿನ ಕಿಟಕಿ ಮುಚ್ಚಿದ ಬಚ್ಚಲುಮನೆಗಳಲ್ಲಿ ಗ್ಯಾಸ್ ಗೀಸರ್ ದುರಂತಗಳಾಗುವುದೂ ಇದರಿಂದಲೇ. ಅಜ್ಜಿಯ ಮನೆಯಲ್ಲಿ ಬಾಣಂತಿ ಕೋಣೆಗೆ ಕೆಂಡ ಇಡುತ್ತಿದ್ದರಲ್ಲ ಎಂದು ನೀವು ಕೇಳಬಹುದು. ಆ ಹೆಂಚಿನ ಮನೆಯ ಸಂದುಗೊಂದಿನಲ್ಲಿ ಗಾಳಿ ಆಡುತ್ತಿತ್ತು. ಇಲ್ಲಿಯ ಅಪಾರ್ಟ್‌ಮೆಂಟು ಮುಚ್ಚಿದ ಡಬ್ಬಿ. ಬಾಣಂತನಕ್ಕೆ ಬಂದ ಅಮ್ಮನಿಗೆ ಇದನ್ನು ಮೊದಲ ದಿನವೇ ತಿಳಿಸಿ ಹೇಳಿ. ಕೆಂಡವೂ ಬೇಡ, ಇದ್ದಿಲೂ ಬೇಡ.

ಈ ಚಳಿಗಾಲಕ್ಕೆ ಮುಂಚೆ ಮಾಡಬೇಕಾದದ್ದು ಇಷ್ಟು:

1. ಹೀಟರಿನ ಹಿಂದೆ ಅಥವಾ ಪಕ್ಕದಲ್ಲಿರುವ ಚೀಟಿಯಲ್ಲಿ ಮಾಡೆಲ್ ನಂಬರ್, ತಯಾರಾದ ವರ್ಷ ನೋಡಿ. ಕಂಪನಿಯ ವೆಬ್‌ಸೈಟಿನಲ್ಲಿ ಆ ಮಾಡೆಲ್ ರಿಕಾಲ್ ಆಗಿದೆಯೇ ಎಂದು ಹುಡುಕಿ. ರಿಕಾಲ್ ಕಾಗದ ಬಂದರೆ ಮೊದಲು ಕೊಂಡವರ ವಿಳಾಸಕ್ಕೆ ಬರುತ್ತದೆ, ನಿಮಗಲ್ಲ.

2. ಬಾಡಿಗೆ ಕರಾರು ಓದಿ. ಬಹಳ ಅಪಾರ್ಟ್‌ಮೆಂಟುಗಳಲ್ಲಿ ಸೀಮೆಎಣ್ಣೆ ಹೀಟರಿಗೆ ಅನುಮತಿಯೇ ಇಲ್ಲ.

3. ಹೋದ ವರ್ಷ ಉಳಿದ ಸೀಮೆಎಣ್ಣೆ ಹಾಕಬೇಡಿ. ಕೆಟ್ಟ ಎಣ್ಣೆ ಸರಿಯಾಗಿ ಉರಿಯುವುದಿಲ್ಲ. ಉರಿಯುತ್ತಿರುವಾಗ ಎಣ್ಣೆ ತುಂಬಬೇಡಿ, ಮೇಲೆ ಬಟ್ಟೆ ಒಣಹಾಕಬೇಡಿ.

4. ಸ್ಟೋವು, ಫ್ಯಾನ್ ಹೀಟರುಗಳು ಹೊಗೆಯನ್ನು ಕೋಣೆಗೇ ಬಿಡುತ್ತವೆ. ಗಂಟೆಗೆ ಒಂದೆರಡು ಸಲ ಕೆಲವು ನಿಮಿಷ ಕಿಟಕಿ ತೆರೆಯಿರಿ. 2003ರ ನಂತರ ಕಟ್ಟಿದ ಮನೆಗಳಲ್ಲಿ 24 ಗಂಟೆಯ ವೆಂಟಿಲೇಶನ್ ಇರುತ್ತದೆ, ಆದರೆ ಇದಕ್ಕೆ ಅದೊಂದನ್ನೇ ನಂಬಬೇಡಿ. ಚಳಿಯೆಂದು ಅದನ್ನೂ ಆರಿಸಬೇಡಿ.

5. ಹೊಕ್ಕೈದೊ, ನೀಗತಾ ಕಡೆಯವರು ಎಫ್‌ಎಫ್ ಹೀಟರಿನ ಹೊರಕೊಳವೆ ಹಿಮದಿಂದ ಮುಚ್ಚಿಲ್ಲವೇ ನೋಡಿಕೊಳ್ಳಿ.

6. ಸೂರಿನಲ್ಲಿರುವ ಹೊಗೆ ಅಲಾರಂ ಕಾರ್ಬನ್ ಮಾನಾಕ್ಸೈಡಿಗೆ ಕೂಗುವುದಿಲ್ಲ. ಅದಕ್ಕೆ ಬೇರೆಯೇ ಅಲಾರಂ ಸಿಗುತ್ತದೆ, ಹಾಕಿಸಿಕೊಳ್ಳಿ.

ಬೆಂಕಿಯಿಲ್ಲದ ಏಸಿಯಲ್ಲಿ ಈ ವಿಷದ ಭಯವಿಲ್ಲ. ಆದರೆ ಅದಕ್ಕೂ ವಯಸ್ಸಿದೆ. 2009ರಿಂದ ಏಸಿ, ಫ್ಯಾನುಗಳ ಮೇಲೆ ತಯಾರಾದ ವರ್ಷ ಮತ್ತು ಎಷ್ಟು ವರ್ಷದ ಬಳಕೆಗೆಂದು ಮಾಡಿದ್ದು ಎಂಬುದನ್ನು ಕಡ್ಡಾಯವಾಗಿ ಬರೆದಿರುತ್ತಾರೆ. ಅದನ್ನೂ ನೋಡಿ. ಏಸಿಗೆ ಎಕ್ಸ್‌ಟೆನ್ಶನ್ ಕಾರ್ಡ್ ಬೇಡ. ಒಳಗೆ ಸ್ಪ್ರೇ ಹೊಡೆದು ನಾವೇ ತೊಳೆಯುವುದೂ ಬೇಡ. ನೀರು ವಿದ್ಯುತ್ ಭಾಗಕ್ಕೆ ಇಳಿದು ಬೆಂಕಿ ಹತ್ತಬಹುದು.

ಮನೆಮಂದಿಗೆಲ್ಲ ಒಟ್ಟಿಗೆ ತಲೆನೋವು ಬಂದು, ಹೊರಗೆ ಹೋದರೆ ಕಡಿಮೆಯಾದರೆ ಅದು ನೆಗಡಿಯಲ್ಲ. ಕಿಟಕಿ ತೆರೆದು, ಹೀಟರ್ ಆರಿಸಿ, ಎಲ್ಲರೂ ಹೊರಗೆ ಬಂದು 119ಕ್ಕೆ ಫೋನ್ ಮಾಡಿ. 'ಕಾಜಿ' (ಬೆಂಕಿ) ಅಥವಾ 'ಕ್ಯೂಕ್ಯೂ' (ಆಂಬ್ಯುಲೆನ್ಸ್) ಎಂದು ಕೇಳುತ್ತಾರೆ. 'ಕ್ಯೂಕ್ಯೂ' ಎನ್ನಿ, 'ಇಸ್ಸಾಂಕಾ ತಾನ್ಸೊ' ಎಂದೂ ಹೇಳಿ.

ಊರಿಗೆ ಹೊರಟವರಲ್ಲಿ ಕೊನೆಯ ಕೋರಿಕೆ. ಹೀಟರ್ ಕೊಡುವಾಗ ಮ್ಯಾನ್ಯುಯಲ್ಲನ್ನೂ ಕೊಡಿ. ಯಾವಾಗ ಕೊಂಡಿರಿ, ಏನು ರಿಪೇರಿಯಾಗಿದೆ ಎಂದು ಒಂದು ಚೀಟಿಯಲ್ಲಿ ಬರೆದು ಅಂಟಿಸಿ. ತೀರ ಹಳೆಯದಾಗಿದ್ದರೆ ಯಾರಿಗೂ ಕೊಡದೆ ನಗರಸಭೆಯ ದೊಡ್ಡ ಕಸಕ್ಕೆ ಹಾಕಿಬಿಡಿ.