ರಕ್ಕಸನ್ನ ಬರೆಯೋ ಕೈ, ಅಳಿಸೋ ಕಾಲು

ನಂಜನಗೂಡು ಬಸ್‌ಸ್ಟ್ಯಾಂಡಿನಲ್ಲಿ ಸಂಜೆ ಐದರ ಮೇಲೆ ನರಸೀಪುರದ ಬಸ್ಸಿಗೆ ಸೀಟು ಹಿಡಿಯೋದು ಎಷ್ಟು ಕಷ್ಟ ಅಂತ ಈ ಅಂಕಣ ಓದುವ ಪ್ರಯಾಣಿಕರಿಗೆ ನಾನು ಹೇಳಬೇಕಾಗಿಲ್ಲ. ಕರ್ಚೀಫು ಹಾಕಿ, ಕಿಟಕಿಯಿಂದ ಚೀಲ ಎಸೆದು, ಅಂತೂ ಹೋದ ವಾರ ಹಿಂದಿನ ಸೀಟಿನಲ್ಲಿ ಅರ್ಧ ಜಾಗ ಸಿಕ್ಕಿತು. ಪಕ್ಕದಲ್ಲಿ ಕಾಲೇಜಿನ ಮೂವರು ಹುಡುಗರು. ಒಬ್ಬನ ತೊಡೆ ಮೇಲೆ ನೋಟ್‌ಬುಕ್ಕು. ಲೆಕ್ಕ ಮಾಡ್ತಿದಾನೆ ಅಂತ ಇಣುಕಿ ನೋಡಿದೆ. ಲೆಕ್ಕ ಅಲ್ಲ ಸ್ವಾಮಿ, ರಕ್ಕಸ!

ಕಪ್ಪೆ ಮುಖ. ಒಂದು ಕೈ ಮನುಷ್ಯಂದು, ಇನ್ನೊಂದು ಏಡಿಯ ಕೊಂಡಿ. ಬೆನ್ನ ಮೇಲೆ ಕಣ್ಣು ಮುಚ್ಚಿಕೊಂಡಿರೋ ಎರಡನೇ ತಲೆ. ಎತ್ತರ ಮೂರೇ ಅಡಿ. ಪಕ್ಕದಲ್ಲಿ ಬರೆದಿತ್ತು: ಪ್ರಾಣ 9, ಬಲ 6, ವೇಗ 14.

'ಏನಪ್ಪಾ ಇದು?' ಅಂದೆ.

'ನಂಜುಗುಮ್ಮ, ಸಾರ್. ಮೊದಲು ನಮ್ಮ ನಿಮ್ಮ ಥರಾನೇ ಇದ್ದ. ಹೊಳೆಗೆ ಬಿಟ್ಟ ಕೆಟ್ಟ ನೀರು ಕುಡಿದು ಕುಡಿದು ಹಿಂಗಾದ. ಆಟಕ್ಕೆ ಸಾರ್.'

ಇದೆಂಥ ಆಟ?

ಹುಡುಗರು ವಿವರಿಸಿದ್ದನ್ನ ನಾನು ಅರ್ಥ ಮಾಡಿಕೊಂಡಷ್ಟು ಹೇಳ್ತೀನಿ. ನಾಲ್ಕೈದು ಜನ ಕೂತ್ಕೋತಾರೆ. ಒಬ್ಬ ಕತೆ ಹೇಳೋನು. ಉಳಿದವರು ಒಬ್ಬೊಬ್ಬರು ಒಂದೊಂದು ಪಾತ್ರ: ಕತ್ತಿಯವನು, ಮಂತ್ರದವನು, ಕಳ್ಳ. ಕತೆಯವನು, 'ಹಾಳು ಮಂಟಪದೊಳಗೆ ಏನೋ ಸರಿದ ಸದ್ದು, ಏನ್ ಮಾಡ್ತೀರಿ?' ಅಂತಾನೆ. ಇವರು, 'ಪಂಜು ಹಿಡಿದು ಒಳಗೆ ಹೋಗ್ತೀವಿ' ಅಂತಾರೆ. ಏಟು ತಗುಲಿತೋ ಇಲ್ಲವೋ ಅನ್ನೋದನ್ನ ದಾಳ ಹೇಳುತ್ತೆ. ಆ ದಾಳಕ್ಕೆ ಪಗಡೆ ದಾಳದ ಹಾಗೆ ನಾಲ್ಕು ಮುಖ ಅಲ್ಲ, ಇಪ್ಪತ್ತು ಮುಖ. ನಮ್ಮ ಮೂಡಲಪಾಯದ ಆಟಕ್ಕೂ ಚೌಕಾಬಾರಕ್ಕೂ ಲಗ್ನ ಮಾಡಿಸಿದ ಹಾಗೆ ಅಂದ್ಕೊಳಿ.

ಈ ಬಗೆ ಆಟ ಅಚ್ಚಾಗಿ ಅಂಗಡಿಗೆ ಬಂದದ್ದು 1974ರಲ್ಲಿ, ಅಮೆರಿಕದಲ್ಲಿ. ಹೆಸರು 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್'. ಮಾಡಿದವರು ಗ್ಯಾರಿ ಗೈಗಾಕ್ಸ್, ಡೇವ್ ಆರ್ನೆಸನ್ ಅನ್ನೋ ಇಬ್ಬರು. ಮೊದಲ ಸಲ ಮಾಡಿಸಿದ್ದು ಒಂದು ಸಾವಿರ ಡಬ್ಬ ಮಾತ್ರ. ಈ ಗೈಗಾಕ್ಸ್ ಹೈಸ್ಕೂಲನ್ನೇ ಅರ್ಧಕ್ಕೆ ಬಿಟ್ಟೋನು, ವಿಮಾ ಕಂಪನಿ ಕೆಲಸ ಹೋದ ಮೇಲೆ ಮನೆಯಲ್ಲಿ ಕೂತು ಬೂಟು ರಿಪೇರಿ ಮಾಡಿದೋನು. ಪಿಯುಸಿ ಮುಗಿಸದ ಈ ವರದಿಗಾರನಿಗೆ ಅದನ್ನ ಓದಿ ಒಂಚೂರು ಸಮಾಧಾನ ಆದದ್ದು ಸುಳ್ಳಲ್ಲ.

ರಕ್ಕಸರು ಎಲ್ಲಿಂದ ಬಂದರು ಗೊತ್ತೆ? ಅಂಗಡಿಯವರು ಕೇಳಬೇಕು ಈ ಮಾತು. ಹಾಂಕಾಂಗ್‌ನಿಂದ ಪ್ಲಾಸ್ಟಿಕ್ ಚೀಲದಲ್ಲಿ ಬರ್ತಿದ್ದ ಅಗ್ಗದ ಆಟಿಕೆ. 'ಆದಿಕಾಲದ ಪ್ರಾಣಿಗಳು' ಅಂತ ಹೆಸರು, ಒಳಗೆ ಯಾವ ಕಾಲದಲ್ಲೂ ಇಲ್ಲದ ಪ್ರಾಣಿಗಳು. ಗೈಗಾಕ್ಸ್ ಅವನ್ನ ಮೇಜಿನ ಮೇಲೆ ಇಟ್ಟ, ಹೆಸರು ಕೊಟ್ಟ, ಗುಣ ಕೊಟ್ಟ. ಒಂದು ಕಬ್ಬಿಣಕ್ಕೆ ತುಕ್ಕು ಹಿಡಿಸಿ ತಿನ್ನೋ ಪ್ರಾಣಿ ಆಯಿತು. ಕತ್ತಿ ಹಿಡಿದ ವೀರರೆಲ್ಲ ಅದನ್ನ ಕಂಡರೆ ಓಟ. ಇನ್ನೊಂದು ಗೂಬೆಕರಡಿ ಆಯಿತು. ಮೂರು ಕಾಸಿನ ಆಟಿಕೆಯಿಂದ ಹುಟ್ಟಿದ ಇವು ಐವತ್ತು ವರ್ಷ ದಾಟಿದರೂ ಸತ್ತಿಲ್ಲ.

1977ರಲ್ಲಿ ರಕ್ಕಸರದ್ದೇ ಒಂದು ದಪ್ಪ ಪುಸ್ತಕ ತಂದರು. ಅದರಲ್ಲಿ ನಮ್ಮ 'ರಾಕ್ಷಸ'ನೂ ಇದ್ದಾನೆ. ಹುಲಿ ಮುಖ, ಮೈಮೇಲೆ ದೊರೆ ಥರ ನಿಲುವಂಗಿ, ಬಾಯಲ್ಲಿ ಪೈಪು! ರಾಮಾಯಣ ಓದಿ ಬರೆದದ್ದಲ್ಲ, ಅಲ್ಲಿನ ಟೀವಿ ಧಾರಾವಾಹಿ ನೋಡಿ ಹೊಳೆದದ್ದು. ನಗು ಬರುತ್ತೆ. ಆದರೆ ನಮ್ಮವನನ್ನ ಅವರು ಎಲ್ಲಿಂದಲೋ ನೋಡಿ ಬರೆದರಲ್ಲ, ಈ ಮಾತು ನೆನಪಿಡಿ, ಮುಂದೆ ಬರುತ್ತೆ.

ನಮ್ಮ ತಾಲ್ಲೂಕೇನು ಕಮ್ಮಿ?

'ಇದೆಲ್ಲ ಫಾರಿನ್ ಐಡಿಯಾ ಸಾರ್' ಅಂತ ಹುಡುಗ ಹೆಮ್ಮೆಯಿಂದ ಅಂದ. ನನಗೆ ತಡೀಲಿಲ್ಲ. 'ಸೋಮನಾಥಪುರಕ್ಕೆ ಹೋಗಿದೀಯೇನೋ?' ಅಂದೆ. 'ಸ್ಕೂಲ್ ಟ್ರಿಪ್ಪಲ್ಲಿ' ಅಂದ. ಟ್ರಿಪ್ಪಲ್ಲಿ ಎಲ್ಲರೂ ಮೇಲೆ ನೋಡ್ತಾರೆ. ಗೋಡೆಯ ಕೆಳಗಿನ ಪಟ್ಟಿ ಯಾರೂ ನೋಡಲ್ಲ.

ನರಸೀಪುರ ತಾಲ್ಲೂಕಿನ ಆ ಕೇಶವ ದೇವಾಲಯ 13ನೇ ಶತಮಾನದ್ದು, ಹೊಯ್ಸಳ ಮೂರನೇ ನರಸಿಂಹನ ಕಾಲದ್ದು. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡಿನ ಜೊತೆ ಯುನೆಸ್ಕೋ ಪಟ್ಟಿಗೂ ಸೇರಿತು. ಗೋಡೆಯಲ್ಲಿ ಕೆಳಗಿನಿಂದ ಆನೆ ಸಾಲು, ಕುದುರೆ ಸಾಲು, ಬಳ್ಳಿ ಸಾಲು, ಪುರಾಣದ ಸಾಲು. ಅದರ ಮೇಲೆ ಮಕರ. ಮೊಸಳೆ ದವಡೆ, ಆನೆ ಸೊಂಡಿಲು, ಸಿಂಹದ ಕಾಲು, ಹಂದಿ ಮೈ, ನವಿಲಿನ ಬಾಲ. ಹುಡುಗನ ನಂಜುಗುಮ್ಮನಲ್ಲಿ ಮೂರು ಜೀವ ಬೆರೆತಿದ್ದರೆ ಇದರಲ್ಲಿ ಐದು. ಅದೂ ಒಂದಲ್ಲ, ಸಾಲು ಸಾಲು. ಅಲ್ಲಿ ಕೆಲಸ ಮಾಡಿದ ಮಲ್ಲಿತಮ್ಮ ಎಂಬ ಶಿಲ್ಪಿ ತನ್ನ ಹೆಸರನ್ನೂ ಕೆತ್ತಿಕೊಂಡಿದ್ದಾನೆ. ಸೀಮೆಸುಣ್ಣದಲ್ಲಿ ಬರೆದು ಒರೆಸಿದಂತಲ್ಲ, ಕಲ್ಲಿನಲ್ಲಿ.

ಆಟದ ವಿಷಯಕ್ಕೆ ಬಂದರೆ, ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರೇ ದೊಡ್ಡ ಆಟಗಾರ. ಹೊಸ ಹೊಸ ಎಲೆಯಾಟ ತಾವೇ ಕಟ್ಟಿದರು. ಅವರ ಚಾಮುಂಡೇಶ್ವರಿ ಛದ್ ಅನ್ನೋ ಗಂಜೀಫಾ ಆಟಕ್ಕೆ 320 ಎಲೆ. ಇಸ್ಪೀಟಿನ 52 ಎಲೆ ಹಂಚೋಕೇ ಜಗಳ ಆಡೋ ನಮಗೆ ಅದನ್ನ ಕಲೆಸೋದೂ ಆಗಲಿಕ್ಕಿಲ್ಲ.

ಇನ್ನು ಆಟದಲ್ಲಿ ರಕ್ಕಸ ಅಂದರೆ ಬರೀ ಕೋರೆಹಲ್ಲಲ್ಲ, ಅವನಿಗೊಂದು ನಿಯಮ ಇರಬೇಕು ಅಂತಾರೆ ಹುಡುಗರು. ಹೇಗೆ ಬರ್ತಾನೆ, ಯಾವುದಕ್ಕೆ ಸೋಲ್ತಾನೆ. ಅದರಲ್ಲೂ ನಾವು ಹಿಂದಿಲ್ಲ. ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆದದ್ದು ನಿಮಗೆ ನೆನಪಿರಬೇಕು. ದೆವ್ವ ಬರುತ್ತೆ, ಓದುತ್ತೆ, ನಾಳೆ ಬರೋಣ ಅಂತ ಹೋಗುತ್ತೆ. ಮಾರನೇ ದಿನವೂ ಅದೇ ಓದು. ಅಕ್ಷರ ಬಲ್ಲ, ಮಾತಿಗೆ ತಪ್ಪದ ದೆವ್ವ! ಸಾಲ ಕೇಳೋಕೆ ಬರೋ ಗಿರಾಕಿಗೆ ಅಂಗಡಿಯವರೂ 'ಸಾಲ ನಾಳೆ' ಅಂತ ಅದನ್ನೇ ತಾನೆ ಬರೆಯೋದು?

ನಂಜನಗೂಡಿನ ಅಂಧಕ

ಎಲ್ಲಕ್ಕಿಂತ ದೊಡ್ಡ ನಿಯಮದ ರಕ್ಕಸ ನಂಜನಗೂಡಿನಲ್ಲೇ ಇದ್ದಾನೆ. ಅಂಧಕಾಸುರ. ಅವನ ರಕ್ತದ ಒಂದೊಂದು ಹನಿ ನೆಲಕ್ಕೆ ಬಿದ್ದರೂ ಒಬ್ಬೊಬ್ಬ ಹೊಸ ಅಂಧಕ ಏಳ್ತಾನೆ. ಹೊಡೆದಷ್ಟೂ ಹೆಚ್ತಾನೆ. ಧನುರ್ಮಾಸದಲ್ಲಿ ರಾಕ್ಷಸ ಮಂಟಪ ವೃತ್ತದಲ್ಲಿ ಅವನ ಚಿತ್ರ ಬರೆದು, ಶ್ರೀಕಂಠೇಶ್ವರನ ಉತ್ಸವ ಬಂದಾಗ ಕಾಲಲ್ಲಿ ಅಳಿಸಿ, ಸಂಹಾರ ಆಯಿತು ಅನ್ನೋದು ಊರಿನ ಹಳೇ ಪದ್ಧತಿ.

2023ರ ಡಿಸೆಂಬರಿನಲ್ಲಿ ಏನಾಯಿತು ಅಂತ ಊರಿಗೆಲ್ಲ ಗೊತ್ತು. ಆ ಚಿತ್ರ ಮಹಿಷಾಸುರನದ್ದು, ಮಹಿಷ ನಮ್ಮ ಮೂಲದ ದೊರೆ, ಅವನನ್ನ ತುಳಿಯೋದು ನಮ್ಮನ್ನ ತುಳಿದ ಹಾಗೆ ಅಂತ ದಲಿತ ಸಂಘಟನೆಯ ಕಾರ್ಯಕರ್ತರು ಅಡ್ಡ ನಿಂತರು. ಇದು ಅಂಧಕ, ತಲೆತಲಾಂತರದ ಆಚರಣೆ ಅಂತ ಭಕ್ತರು ಪಟ್ಟು ಹಿಡಿದರು. ನೂಕಾಟ ಆಯಿತು. ಉತ್ಸವಮೂರ್ತಿಗೆ ನೀರೆರಚಿದರು ಅನ್ನೋ ಆರೋಪ, ಪೊಲೀಸ್ ಕೇಸು. 2024ರ ಜನವರಿಯಲ್ಲಿ ಪಟ್ಟಣ ಬಂದ್. ರಂಗೋಲಿಯ ಒಬ್ಬ ರಕ್ಕಸನಿಗೆ ಬಜಾರಿನ ಷಟರುಗಳೆಲ್ಲ ಕೆಳಗಿಳಿದವು.

ಯಾರ ಪಕ್ಷ ಸರಿ ಅಂತ ತೀರ್ಪು ಕೊಡೋಕೆ ನಾನು ಜಡ್ಜ್ ಅಲ್ಲ. ಆದರೆ 'ಚಿತ್ರ ತಾನೆ, ಅದಕ್ಕೇನು ಇಷ್ಟು ರಂಪ' ಅಂತ ಟೀ ಅಂಗಡಿಯಲ್ಲಿ ಕೆಲವರು ಅಂದಾಗ ನಾನು ಸುಮ್ಮನಿರಲಿಲ್ಲ. ಚಿತ್ರ ಬರೀ ಚಿತ್ರವಾಗಿದ್ದರೆ ಅಳಿಸೋಕೆ ಊರೇ ಯಾಕೆ ಸೇರಬೇಕು? ತಡೆಯೋಕೆ ಇನ್ನೊಂದು ಕೇರಿ ಯಾಕೆ ಬರಬೇಕು?

ಈ ತಕರಾರು ಆಟದವರಿಗೂ ಬಂತು. ಅವರ ಆಟದಲ್ಲಿ ಆರ್ಕ್ ಅನ್ನೋ ಕುಲ ಇದೆ. ಹುಟ್ಟಿನಿಂದಲೇ ಕೆಟ್ಟವರು, ಕಂಡಲ್ಲಿ ಕೊಲ್ಲಬಹುದು. ಇದು ನಿಜವಾದ ಜನಾಂಗಗಳನ್ನ ಬೈದ ಹಾಗೇ ಇದೆಯಲ್ಲ ಅಂತ ಆಡುವವರೇ ಕೇಳಿದರು. 2020ರ ಜೂನಿನಲ್ಲಿ ಕಂಪನಿ ಒಪ್ಪಿಕೊಂಡಿತು: ಇನ್ನು ಆರ್ಕ್‌ಗಳಲ್ಲೂ ಎಲ್ಲ ಜನರ ಹಾಗೆ ಒಳ್ಳೆಯವರು ಕೆಟ್ಟವರು ಇಬ್ಬರೂ ಇರ್ತಾರೆ ಅಂತ.

ನಾನೂ ಒಮ್ಮೆ ಗುಮ್ಮನಾಗಿದ್ದೆ

ಆ 2020ನೇ ಇಸವಿಯನ್ನ ನಂಜನಗೂಡಿನವರು ಮರೆಯೋ ಹಾಗಿಲ್ಲ. ಮಾರ್ಚಿ ಕೊನೆಯಲ್ಲಿ ಇಲ್ಲಿನ ಔಷಧ ಕಾರ್ಖಾನೆಯೊಂದರ ನೌಕರರಲ್ಲಿ ಕೊರೋನಾ ಹಬ್ಬಿತು. ಟೀವಿಯಲ್ಲಿ ದಿನವೂ ನಂಜನಗೂಡು, ನಂಜನಗೂಡು. ರಸಬಾಳೆಯಿಂದ, ಹಲ್ಲುಪುಡಿಯಿಂದ ಹೆಸರಾಗಿದ್ದ ಊರು ರೋಗದ ಹೆಸರಾಯಿತು.

ಲಾಕ್‌ಡೌನ್ ಸಡಿಲ ಆದ ಮೇಲೆ ಸುದ್ದಿ ಕೆಲಸಕ್ಕೆ ನರಸೀಪುರದ ಕಡೆ ಹೋಗಿದ್ದೆ. ಒಂದು ಅಂಗಡಿಯಲ್ಲಿ ಬಿಸ್ಕತ್ತು ಕೇಳಿದೆ. 'ಎಲ್ಲಾಯ್ತು ಊರು?' ಅಂದರು. ಹೇಳಿದೆ. ಅಂಗಡಿಯವರು ಎರಡು ಹೆಜ್ಜೆ ಹಿಂದೆ ಸರಿದರು. ಬಿಸ್ಕತ್ತನ್ನ ಕಟ್ಟಿಗೆಯಲ್ಲಿ ತಳ್ಳಿದರು. ನನ್ನ ಹತ್ತು ರೂಪಾಯಿ ಮುಟ್ಟಲಿಲ್ಲ, 'ಅಲ್ಲೇ ಇಟ್ಟು ಹೋಗು' ಅಂದರು. ಪಕ್ಕದಲ್ಲಿದ್ದ ಹೆಂಗಸು ಮಗುವನ್ನ ಸೆರಗಿಗೆ ಎಳಕೊಂಡಳು. ಮಗು ನನ್ನ ಕಡೆ ನೋಡಿದ ನೋಟ ಇದೆಯಲ್ಲ, ಗುಮ್ಮನ್ನ ನೋಡುವ ನೋಟ. ನನಗೆ ಜ್ವರ ಇರಲಿಲ್ಲ, ಕೆಮ್ಮಿರಲಿಲ್ಲ. ಊರಿನ ಹೆಸರಿತ್ತು, ಅಷ್ಟೆ.

ಆ ಅಂಗಡಿಯವರ ಮೇಲೆ ನನಗೀಗ ಸಿಟ್ಟಿಲ್ಲ. ಅವರಿಗೂ ಜೀವಭಯ. ಆದರೆ ಬಿಸ್ಕತ್ತು ತಿನ್ನೋಕೆ ಆಗಲಿಲ್ಲ. ನನ್ನ ಚಿತ್ರವನ್ನ ಬೇರೆ ಯಾರೋ ಬರೆದುಬಿಟ್ಟಿದ್ದರು. ಅದರಲ್ಲಿ ನಾನು ಎಲ್ಲೂ ಇರಲಿಲ್ಲ.

ಗುಮ್ಮನ ತಾಯಿ ಯಾರು?

ಬಸ್ಸಿನಲ್ಲಿ ಹುಡುಗನಿಗೆ ಇದನ್ನೆಲ್ಲ ಹೇಳಲಿಲ್ಲ. ಅಂಧಕನ ಕತೆ ಮಾತ್ರ ಹೇಳಿದೆ, ಶಿವಪುರಾಣದಲ್ಲಿ ಇರೋ ಹಾಗೆ. ಪಾರ್ವತಿ ತಮಾಷೆಗೆ ಶಿವನ ಕಣ್ಣು ಮುಚ್ಚಿದಳು. ಲೋಕ ಕತ್ತಲಾಯಿತು. ಆ ಬೆವರಿನಿಂದ ಹುಟ್ಟಿದ ಕುರುಡು ಕೂಸೇ ಅಂಧಕ. ಬೆಳೆದದ್ದು ಅಸುರರ ಮನೆಯಲ್ಲಿ. ಕೊನೆಗೆ ಯುದ್ಧ ಆಯಿತು, ತ್ರಿಶೂಲಕ್ಕೆ ಸಿಕ್ಕಿದ. ಅಲ್ಲಿಗೆ ಮುಗೀಲಿಲ್ಲ. ತ್ರಿಶೂಲದ ಮೇಲಿಂದಲೇ ಶಿವನನ್ನ ಬೇಡಿಕೊಂಡ. ಶಿವ ಅವನನ್ನ ತನ್ನ ಗಣಕ್ಕೆ ಸೇರಿಸಿಕೊಂಡ.

ಗಣ ಅಂದರೆ ಯಾರು? ಕುಳ್ಳರು, ಡೊಳ್ಳುಹೊಟ್ಟೆಯವರು, ವಕ್ರಮೂತಿಯವರು. ಹುಡುಗರು ಗಾಬ್ಲಿನ್ ಅಂತಾರಲ್ಲ, ಥೇಟ್ ಅವರೇ. ನಂಜು ಕುಡಿದ ದೇವರ ಸುತ್ತ ಇರೋರೂ ಅವರೇ. ಅಂದರೆ ನಾವು ಕಾಲಲ್ಲಿ ಅಳಿಸೋ ರಕ್ಕಸ ದೇವರ ಸ್ವಂತ ಮಗ, ಕೊನೆಗೆ ದೇವರ ಮನೆಯವನೇ. ಅಳಿಸೋ ಭಾಗ ಎಲ್ಲರಿಗೂ ನೆನಪಿದೆ. ಸೇರಿಸಿಕೊಂಡ ಭಾಗ ಮರೆತಿದೀವಿ.

ಹುಡುಗ ಸ್ವಲ್ಪ ಹೊತ್ತು ಪೆನ್ನು ಕಚ್ಚುತ್ತಾ ಕೂತ. 'ಹಂಗಾದ್ರೆ ನಂಜುಗುಮ್ಮನ್ನ ಸಾಯಿಸಬಾರದಾ ಸಾರ್? ಆಟ ಹೆಂಗೆ ಆಡೋದು?'

'ಆಡು ಮಾರಾಯ, ಯಾರು ಬೇಡ ಅಂದರು? ರಕ್ಕಸನಿಲ್ಲದೆ ಆಟ ಇಲ್ಲ. ಅವನ ತಾಯಿ ಯಾರು, ಕೆಟ್ಟ ನೀರು ಬಿಟ್ಟೋರು ಯಾರು, ಅದನ್ನೂ ಬರೆದುಕೋ. ಆಮೇಲೆ ದಾಳ ಹಾಕು.'

ನರಸೀಪುರ ಬಂತು. ಕಂಡಕ್ಟರು ಸೀಟಿ ಊದಿದ. ಹುಡುಗರು ಚೀಲ ಎತ್ತಿಕೊಂಡು ಸಂಗಮದ ಕಡೆ ನಡೆದರು. ಇಳಿಯೋ ಮುಂಚೆ ನೋಟ್‌ಬುಕ್ ಕಡೆ ಒಮ್ಮೆ ಕಣ್ಣು ಹಾಯಿಸಿದೆ. ವೇಗ 14ರ ಕೆಳಗೆ ಹೊಸದಾಗಿ ಒಂದು ಸಾಲು ಸೇರಿತ್ತು: 'ಊರು: ನಂಜನಗೂಡು. ಅಮ್ಮ ಇನ್ನೂ ಹುಡುಕ್ತಿದಾಳೆ.'