ಕೂಲಿ ಪಟ್ಟಿಯಲ್ಲಿ ಕಾಣದ ಜಾತಿ

ಸ್ವಾತಂತ್ರ್ಯಾನಂತರ ಕೃಷಿ ಕಾರ್ಮಿಕರ ಮೊದಲ ಅಖಿಲ ಭಾರತ ಸಮೀಕ್ಷೆ ನಡೆದದ್ದು 1950–51ರಲ್ಲಿ. ಗಂಡಾಳಿನ ಸರಾಸರಿ ದಿನಗೂಲಿ 109 ಪೈಸೆ, ಹೆಣ್ಣಾಳಿನದು 68 ಪೈಸೆ ಎಂದು ಅದು ಲೆಕ್ಕ ಕೊಟ್ಟಿತು. 1956–57ರ ಎರಡನೆಯ ಸಮೀಕ್ಷೆಯಲ್ಲಿ ಇವು 96 ಮತ್ತು 59 ಪೈಸೆಗೆ ಇಳಿದಿದ್ದವು. ಮೊದಲ ಪಂಚವಾರ್ಷಿಕ ಯೋಜನೆ ಮುಗಿಯುವ ಹೊತ್ತಿಗೆ ಕೂಲಿಕಾರರು ಇನ್ನಷ್ಟು ಬಡವರಾದರೇ? ಅರ್ಥಶಾಸ್ತ್ರಜ್ಞರ ನಡುವೆ ದೊಡ್ಡ ವಾಗ್ವಾದವೇ ನಡೆಯಿತು. ಮುಂದೆ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ ಸಂಸ್ಥೆ (ಐಸೆಕ್) ಕಟ್ಟಿದ ವಿ.ಕೆ.ಆರ್.ವಿ. ರಾವ್ ಈ ಚರ್ಚೆಯನ್ನೇ 1962ರಲ್ಲಿ ಒಂದು ಸಂಪುಟವಾಗಿ ತಂದರು.

ಗುಟ್ಟು ಇದ್ದದ್ದು ಎಣಿಕೆಯ ರೀತಿಯಲ್ಲಿ. ಕೂಲಿಯ ದೊಡ್ಡ ಪಾಲು ಕಾಳಿನಲ್ಲಿ ಸಿಗುತ್ತಿದ್ದ ಕಾಲವದು. ಮೊದಲ ಸಮೀಕ್ಷೆ ಆ ಕಾಳಿಗೆ ಚಿಲ್ಲರೆ ಬೆಲೆ ಕಟ್ಟಿತು, ಎರಡನೆಯದು ಸಗಟು ಬೆಲೆ ಕಟ್ಟಿತು. ಕೃಷಿ ಕೂಲಿ ಕುಟುಂಬ ಎಂದರೆ ಯಾವುದು ಎಂಬ ವ್ಯಾಖ್ಯೆಯೂ ಬದಲಾಗಿತ್ತು. ಕೂಲಿಕಾರರ ಮಡಿಲಿಗೆ ಬಿದ್ದ ಜೋಳ ಅಷ್ಟೇ ಇದ್ದರೂ ಕಾಗದದ ಮೇಲೆ ಕೂಲಿ ಕಡಿಮೆಯಾಗಲು ಇಷ್ಟು ಸಾಕು.

ಹಾಗಾದರೆ ಮಟ್ಟವನ್ನು ಬಿಟ್ಟು ಅಂತರವನ್ನಷ್ಟೇ ನೋಡಬಹುದಲ್ಲ? ಎರಡೂ ಸಮೀಕ್ಷೆಗಳಲ್ಲಿ ಗಂಡಾಳಿನ ಒಂದು ರೂಪಾಯಿಗೆ ಹೆಣ್ಣಾಳಿಗೆ ಸಿಕ್ಕದ್ದು ಹೆಚ್ಚುಕಡಿಮೆ 62 ಪೈಸೆ. ಆದರೆ ಇದನ್ನೂ ಕಣ್ಣು ಮುಚ್ಚಿ ನಂಬುವಂತಿಲ್ಲ. ಯಾರ ಕೂಲಿಯಲ್ಲಿ ಕಾಳಿನ ಪಾಲು ಹೆಚ್ಚೋ ಅವರಿಗೆ ಬೆಲೆ ಕಟ್ಟುವ ರೀತಿಯ ಹೊಡೆತವೂ ಹೆಚ್ಚು ಬೀಳುತ್ತದೆ.

ಮೂರು ತಾಲ್ಲೂಕು, ಹಲವು ಲೆಕ್ಕ

ಒಂದು ಸೀಮೆಯನ್ನು ಹತ್ತಿರದಿಂದ ನೋಡಿದರೆ ತೊಡಕು ಇನ್ನೂ ಹೆಚ್ಚು. ಈ ಎರಡು ಸಮೀಕ್ಷೆಗಳ ಅವಧಿಯಲ್ಲೇ ಗುಲಬರ್ಗಾ (ಇಂದಿನ ಕಲಬುರಗಿ) ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳು ಹೈದರಾಬಾದ್ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಬಂದವು. 1956ರ ನವೆಂಬರ್ 1ರಂದು ಗುಲಬರ್ಗಾ ಜಿಲ್ಲೆ ಮೈಸೂರಿಗೆ ಸೇರಿದಾಗ ಅದರ ಕೊಡಂಗಲ್, ತಾಂಡೂರು ತಾಲ್ಲೂಕುಗಳು ಆಂಧ್ರದ ಪಾಲಾದವು. 2009ರ ಕೊನೆಯಲ್ಲಿ ಯಾದಗಿರಿ, ಶಹಾಪುರ, ಸುರಪುರ ತಾಲ್ಲೂಕುಗಳು ಬೇರೆ ಜಿಲ್ಲೆಯಾದವು. ಆದ್ದರಿಂದ ‘ಗುಲಬರ್ಗಾ ಜಿಲ್ಲೆಯ ಕೂಲಿ’ ಎಂದು 1951ರ ಅಂಕಿಯನ್ನೂ 2011ರ ಅಂಕಿಯನ್ನೂ ಪಕ್ಕಪಕ್ಕ ಇಟ್ಟವರು ಎರಡು ಬೇರೆ ಜಿಲ್ಲೆಗಳನ್ನು ಹೋಲಿಸಿರುತ್ತಾರೆ.

ಇನ್ನೂ ಹಿಂದಕ್ಕೆ ಹೋದರೆ ರೂಪಾಯಿಯೇ ಬೇರೆ. ನಿಜಾಮರ ಉಸ್ಮಾನಿಯಾ ಸಿಕ್ಕಾ ಏಳು ರೂಪಾಯಿ ಬ್ರಿಟಿಷ್ ಭಾರತದ ಆರು ರೂಪಾಯಿಗೆ ಸಮ. ಹಳೆಯ ಕಾಗದದಲ್ಲಿ ಏಳು ಆಣೆ ಎಂದಿದ್ದರೆ ಅದು ನೆರೆಯ ಸೊಲ್ಲಾಪುರದ ಆರು ಆಣೆ. ಇದನ್ನು ಮರೆತು ಹಳೆಯ ಅಂಕಿಗೆ ಹೊಸದನ್ನು ಜೋಡಿಸಿದರೆ, ನಾಣ್ಯ ಬದಲಾದ ಕಡೆ ಕೂಲಿಯ ಏಳನೆಯ ಒಂದು ಪಾಲು ಕಾರಣವಿಲ್ಲದೆ ಮಾಯವಾದಂತೆ ಕಾಣುತ್ತದೆ. ಇಸವಿಯೂ ಫಸಲಿ ಶಕೆಯದು: ಫಸಲಿ 1340 ಎಂದರೆ 1930–31.

ಇವೆಲ್ಲ ತಾಳ್ಮೆಯಿಂದ ತಿದ್ದಿಕೊಳ್ಳಬಹುದಾದ ತೊಡಕುಗಳು. ತಿದ್ದಲು ಕಷ್ಟವಾದ ದೋಷ ಬೇರೆ ಇದೆ. ಅದು ಪಟ್ಟಿಗೇ ಬಾರದ ಜನರದು.

ಪಟ್ಟಿಯಿಂದ ಹೊರಗೆ

ಹೈದರಾಬಾದ್ ರಾಜ್ಯದಲ್ಲಿ ಸಾಲಕ್ಕೆ ಪ್ರತಿಯಾಗಿ ಸಾಹುಕಾರನ ಹೊಲದಲ್ಲಿ ದುಡಿಯುವ ಪದ್ಧತಿಗೆ ಭಗೇಲಾ ಎನ್ನುತ್ತಿದ್ದರು. ಕನ್ನಡದ ಊರುಗಳಿಗೆ ಅದು ಜೀತ. ಇಂಥ ಕರಾರುಗಳಿಗೆ ಕಡಿವಾಣ ಹಾಕಲು ನಿಜಾಮ್ ಸರ್ಕಾರ 1936ರಲ್ಲೇ ನಿಯಮ ತಂದಿತ್ತು. ಆದರೂ 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯ ವ್ಯಾಖ್ಯೆಯಲ್ಲಿ ಭಗೇಲಾ, ಜೀತ ಎರಡೂ ಹೆಸರುಗಳನ್ನು ಮತ್ತೆ ಬರೆಯಬೇಕಾಯಿತು. ಜೀತದಾಳಿನ ದುಡಿಮೆ ಸಾಲಕ್ಕೆ, ಬಡ್ಡಿಗೆ ವಜಾ ಆಗುತ್ತದೆ. ದಿನಗೂಲಿಯ ಕಾಲಮ್ಮಿನಲ್ಲಿ ಅವನಿಗೆ ಜಾಗವಿಲ್ಲ. ಎಲ್ಲರಿಗಿಂತ ಕಡಿಮೆ ಪಡೆದವನು ಲೆಕ್ಕದಿಂದ ಹೊರಗುಳಿದಾಗ ಉಳಿದವರ ಸರಾಸರಿ ಮೇಲೇರುತ್ತದೆ. ಹೀಗೆ ಹೊರಗುಳಿದವರಲ್ಲಿ ದಲಿತರೇ ಹೆಚ್ಚಾಗಿದ್ದಾಗ ಜಾತಿಗಳ ನಡುವಿನ ಕೂಲಿ ಅಂತರವೂ ಕಡಿಮೆ ಕಾಣುತ್ತದೆ.

ಅಮೆರಿಕದಲ್ಲಿ ಕಪ್ಪು ಮತ್ತು ಬಿಳಿಯರ ವೇತನದ ಇತಿಹಾಸ ಬರೆದವರಿಗೂ ಇದೇ ತೊಡಕು ಎದುರಾಯಿತು. ಅಲ್ಲಿನ ಜನಗಣತಿ ವೇತನವನ್ನು ಮೊದಲು ಕೇಳಿದ್ದು 1940ರಲ್ಲಿ. ಅದೂ ಸಂಬಳ, ಕೂಲಿಯನ್ನಷ್ಟೇ ಕೇಳಿತು. ದಕ್ಷಿಣದ ಹತ್ತಿ ಹೊಲಗಳಲ್ಲಿ ಪಾಲಿಗೆ ದುಡಿಯುತ್ತಿದ್ದ ಕಪ್ಪು ಕುಟುಂಬಗಳ ಗಳಿಕೆ ಅದರಲ್ಲಿ ಬರಲಿಲ್ಲ. 1964ರ ನಾಗರಿಕ ಹಕ್ಕುಗಳ ಕಾಯ್ದೆಯ ನಂತರ ಅಂತರ ಕಿರಿದಾದಂತೆ ಕಂಡದ್ದರಲ್ಲಿ ಒಂದು ಪಾಲು, ಕಡಿಮೆ ಗಳಿಕೆಯ ಕಪ್ಪು ಜನ ದುಡಿಮೆಯ ಮಾರುಕಟ್ಟೆಯಿಂದಲೇ ಹೊರಬಿದ್ದದ್ದರ ಫಲ ಎಂದು ಅರ್ಥಶಾಸ್ತ್ರಜ್ಞರಾದ ರಿಚರ್ಡ್ ಬಟ್ಲರ್ ಮತ್ತು ಜೇಮ್ಸ್ ಹೆಕ್‌ಮನ್ 1977ರಲ್ಲಿ ವಾದಿಸಿದರು.

ಜಾತಿಯ ಕಾಲಮ್ಮೂ ಅಲುಗುತ್ತದೆ

ನಮ್ಮಲ್ಲಿ ಇನ್ನೊಂದು ಸಿಕ್ಕು ಇದೆ. ಆಳಂದ ಸೀಮೆಯ ತಾಂಡಾಗಳ ಲಂಬಾಣಿಗರನ್ನೇ ನೋಡಿ. ಹಳೆ ಮೈಸೂರಿನಲ್ಲಿ ಪರಿಶಿಷ್ಟ ಜಾತಿಯ ಪಟ್ಟಿಯಲ್ಲಿದ್ದ ಈ ಸಮುದಾಯ ಹೈದರಾಬಾದ್ ಕರ್ನಾಟಕದಲ್ಲಿ ಆ ಪಟ್ಟಿಗೆ ಸೇರಿದ್ದು, 1976ರ ತಿದ್ದುಪಡಿ ಕಾಯ್ದೆ ಪ್ರಾದೇಶಿಕ ನಿರ್ಬಂಧ ತೆಗೆದ ಮೇಲೆ. ಹೀಗಾಗಿ 1974–75 ಮತ್ತು 1983ರ ಗ್ರಾಮೀಣ ಕಾರ್ಮಿಕರ ಸಮೀಕ್ಷೆಗಳಲ್ಲಿ ‘ಪರಿಶಿಷ್ಟ ಜಾತಿ’ ಎಂಬ ಶೀರ್ಷಿಕೆಯ ಕೆಳಗಿರುವವರು ಇಲ್ಲಿ ಒಂದೇ ಜನರಲ್ಲ. ಗಡಿ ದಾಟಿದರೆ ಇದೇ ಜನ ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ, ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ. ಮೂರು ರಾಜ್ಯಗಳ ವರ್ಗವಾರು ಕೂಲಿಯನ್ನು ಹೋಲಿಸುವಾಗ ಈ ಒಂದು ಸಂಗತಿ ತಪ್ಪಿದರೂ ತೀರ್ಮಾನ ತಲೆಕೆಳಗಾದೀತು.

ಕೇಂದ್ರ ಕೃಷಿ ಸಚಿವಾಲಯ 1950ರ ದಶಕದಿಂದ ಪ್ರಕಟಿಸುತ್ತ ಬಂದ ಕೃಷಿ ಕೂಲಿ ದರಗಳ ಸಂಪುಟಗಳಲ್ಲಿ ಜಾತಿಯ ಕಾಲಮ್ಮೇ ಇಲ್ಲ. ಜಿಲ್ಲೆಗೆ ಒಂದೆರಡು ಕೇಂದ್ರಗಳನ್ನು ಆರಿಸಿ, ಅಲ್ಲಿನ ದರವನ್ನು ಇಡೀ ಜಿಲ್ಲೆಯ ದರವಾಗಿ ಓದುವ ವ್ಯವಸ್ಥೆ ಅದು. ಈ ಅಂಕಿಗಳನ್ನು ಎಷ್ಟು ನಂಬಬಹುದು ಎಂಬುದನ್ನು ಅರ್ಥಶಾಸ್ತ್ರಜ್ಞ ವಿ.ಎಂ. ರಾವ್ 1972ರಲ್ಲೇ ಒಂದು ಪ್ರಬಂಧದಲ್ಲಿ ಒರೆಗೆ ಹಚ್ಚಿದ್ದರು.

ದರ ಒಂದೇ, ದಿನ ಬೇರೆ

ಇಷ್ಟೆಲ್ಲ ಸರಿಪಡಿಸಿಕೊಂಡರೂ ದಿನಗೂಲಿಯ ದರವೊಂದನ್ನೇ ಹಿಡಿದು ಜಾತಿಯ ಅಸಮಾನತೆಯನ್ನು ಅಳೆಯಲಾಗದು. ಒಂದೇ ಹೊಲದಲ್ಲಿ ಒಂದೇ ಸಾಲಿನಲ್ಲಿ ತೊಗರಿ ಕೊಯ್ಯುವ ಇಬ್ಬರು ಹೆಣ್ಣಾಳುಗಳಿಗೆ ಜಾತಿ ನೋಡಿ ಬೇರೆ ಬೇರೆ ನೋಟು ಕೊಡುವುದು ಸುಲಭವಲ್ಲ. ಯಾರನ್ನು ಮೊದಲು ಕೆಲಸಕ್ಕೆ ಕರೆಯುತ್ತಾರೆ, ಯಾವ ಕೆಲಸ ಕೊಡುತ್ತಾರೆ, ಮುಂಗಡ ಪಡೆದವರು ಎಷ್ಟು ದಿನ ಅದೇ ಮನೆಗೆ ದುಡಿಯಬೇಕು, ಸ್ವಂತಕ್ಕೆ ಒಂದು ಎಕರೆಯಾದರೂ ಇದೆಯೇ ಎಂಬುದರಲ್ಲಿ ವ್ಯತ್ಯಾಸ ಅಡಗಿರುತ್ತದೆ. ನಗರದ ಉದ್ಯೋಗ ಮಾರುಕಟ್ಟೆಯ ಬಗ್ಗೆ ಎಸ್. ಮಾದೇಶ್ವರನ್ ಮತ್ತು ಪಾಲ್ ಅಟ್ಟೆವೆಲ್ 2007ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದರತ್ತಲೇ ಬೊಟ್ಟು ಮಾಡುತ್ತದೆ. ಸಮಾನ ಅರ್ಹತೆಯಿದ್ದರೂ ತಾರತಮ್ಯದಿಂದಾಗಿ ಪರಿಶಿಷ್ಟರ ವೇತನ ಶೇ 15ರಷ್ಟು ಕಡಿಮೆ ಎಂದ ಅವರು, ಖಾಸಗಿ ವಲಯದಲ್ಲಿ ಸಂಬಳದ ತಾರತಮ್ಯಕ್ಕಿಂತ ಒಳ್ಳೆಯ ಕೆಲಸ ದಕ್ಕದಿರುವುದೇ ದೊಡ್ಡ ಕಾರಣ ಎಂದು ಕಂಡುಕೊಂಡರು.

ಹೆಣ್ಣಾಳಿನ ಕತೆಯೂ ಇದೇ. ಸಮಾನ ವೇತನ ಕಾಯ್ದೆ 1976ರಲ್ಲಿ ಬಂತು. ಆದರೆ ಗಳೆ ಹೊಡೆಯುವುದು ಗಂಡಸಿನದು, ಸದಿ ತೆಗೆಯುವುದು ಹೆಂಗಸಿನದು ಎಂದು ಕೆಲಸವನ್ನೇ ಹಂಚಿಟ್ಟ ಕಡೆ ಒಂದೇ ಕೆಲಸಕ್ಕೆ ಒಂದೇ ಕೂಲಿ ಎಂಬ ಮಾತಿಗೆ ಹಿಡಿತ ಸಿಗದು. ಗಂಡ ಹೆಂಡತಿ ಜೋಡಿಯಾಗಿ ಟನ್ನಿನ ಲೆಕ್ಕದಲ್ಲಿ ಕಬ್ಬು ಕಡಿದರೆ ಆಕೆಯ ಪಾಲು ಎಷ್ಟೆಂದು ಯಾವ ಪಟ್ಟಿಯೂ ಹೇಳದು.

ಉದ್ಯೋಗ ಖಾತರಿ ಯೋಜನೆಯ ಮೊದಲ ಹಂತದಲ್ಲೇ, 2006ರಲ್ಲಿ, ಗುಲಬರ್ಗಾ ಸೇರಿತ್ತು. ಹೆಣ್ಣಿಗೂ ಗಂಡಿಗೂ ದರ ಒಂದೇ. ರಾಜ್ಯದಲ್ಲಿ 2025–26ರಲ್ಲಿ ಅದು ದಿನಕ್ಕೆ 370 ರೂಪಾಯಿ ಇತ್ತು. ಇದರ ಕಡತಗಳಲ್ಲಿ ಕುಟುಂಬದ ವರ್ಗವೂ ಇದೆ, ದುಡಿದ ದಿನವೂ ಇದೆ. ದರ ಸಮವಾದ ಕಡೆ ದಿನ ಹೇಗೆ ಹಂಚಿಹೋಗಿದೆ ಎಂದು ಪಂಚಾಯಿತಿವಾರು ನೋಡಲು ಇದಕ್ಕಿಂತ ಒಳ್ಳೆಯ ದಾಖಲೆ ಸಿಗಲಾರದು. ಕಲಬುರಗಿ ತಾಲ್ಲೂಕಿನ ಝಾಪುರದಲ್ಲಿ ಫೌಂಡೇಶನ್ ಫಾರ್ ಅಗ್ರೇರಿಯನ್ ಸ್ಟಡೀಸ್ 2009ರಲ್ಲಿ ಮಾಡಿದಂತೆ, ಮನೆಮನೆಗೆ ಹೋಗಿ ಮಾಡುವ ಸಮೀಕ್ಷೆಗಳು ಉಳಿದ ತೆರಪನ್ನು ತುಂಬಬಲ್ಲವು.

ರಾಜ್ಯದ ಪ್ರಾದೇಶಿಕ ಅಸಮತೋಲನ ಅಳೆದ ನಂಜುಂಡಪ್ಪ ಸಮಿತಿ 2002ರಲ್ಲಿ ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವು ಎಂದು ಗುರುತಿಸಿತು. ಆದರೆ ತಾಲ್ಲೂಕಿನ ಸೂಚ್ಯಂಕ ಊರಗೌಡನನ್ನೂ ಕೇರಿಯವನನ್ನೂ ಒಂದೇ ಸರಾಸರಿಯಲ್ಲಿ ಬೆರೆಸುತ್ತದೆ. 2027ರ ಜನಗಣತಿ ಜಾತಿಯನ್ನು ಎಣಿಸಲಿದೆ, ಕೂಲಿಯನ್ನು ಕೇಳುವುದಿಲ್ಲ. ಕೂಲಿಯನ್ನೂ ಸಾಮಾಜಿಕ ವರ್ಗವನ್ನೂ ಕೇಳುವ ದುಡಿಮೆಗಾರರ ರಾಷ್ಟ್ರೀಯ ಸಮೀಕ್ಷೆ ತಾಲ್ಲೂಕಿನ ಮಟ್ಟದ ಚಿತ್ರ ಕೊಡುವಷ್ಟು ದೊಡ್ಡದಲ್ಲ. ಹಾಗಾಗಿ ಕೂಲಿ ಅಂತರ ಕಿರಿದಾಯಿತು ಎಂಬ ಸುದ್ದಿ ಬಂದಾಗಲೆಲ್ಲ ಮೂರು ಮಾತು ಕೇಳಬೇಕು: ವರ್ಷದಲ್ಲಿ ಯಾರಿಗೆ ಎಷ್ಟು ದಿನ ಕೆಲಸ ಸಿಕ್ಕಿತು, ಮುಂಗಡದ ಲೆಕ್ಕಕ್ಕೆ ಎಷ್ಟು ವಜಾ ಆಯಿತು, ಊರು ಬಿಟ್ಟು ಮುಂಬೈ ಪುಣೆಗೆ ಹೋದವರನ್ನು ಎಣಿಸಿದ್ದಾರೆಯೇ? ಉತ್ತರವಿಲ್ಲದಿದ್ದರೆ ಕಿರಿದಾದದ್ದು ಅಂತರವೋ ಪಟ್ಟಿಯೋ ಎಂದು ಹೇಳಲಾಗದು.